ಬಾಲವಿಲ್ಲದ ಸುಳ್ಳು

ಫೆಬ್ರವರಿ ೨, ಭಾನುವಾರ

ಭಾನುವಾರವೂ ಈ ಮನೆ ಮನೆಯಾಗಿರುವುದಿಲ್ಲ, ಕಚೇರಿಯಾಗಿರುತ್ತದೆ. ಇವತ್ತು ಮಗ ತನ್ನ ಇಲಾಖೆಯ ಮೊಹರಿನವನನ್ನು ಊಟದ ಮೇಜಿಗೇ ಕರೆಸಿಕೊಂಡಿದ್ದ. ದೇಶದಿಂದ ಹೊರಗೆ ಹೋಗುವ ಸರಕಿನ ಕಾಗದಕ್ಕೆ ಮಗನ ಸಹಿ ಬೇಕು, ಸಹಿಯ ಪಕ್ಕದಲ್ಲಿ ಇವನ ಮೊಹರು ಬೇಕು. ಎರಡೂ ಇಲ್ಲದೆ ಬಂದರಿನಿಂದ ಒಂದು ಗುಂಡುಸೂಜಿಯೂ ಹಡಗು ಹತ್ತುವಂತಿಲ್ಲವಂತೆ. ನಾನು ಅವನಿಗೆ ಸೀಲಪ್ಪ ಎಂದು ಹೆಸರಿಟ್ಟೆ. ತಂತಿಯ ಮೇಲೆ ಹಾಕಿ ಮರೆತುಬಿಟ್ಟ ಅಂಗಿಯ ಹಾಗಿದ್ದಾನೆ. ಮೊಹರನ್ನು ಕರವಸ್ತ್ರದಲ್ಲಿ ಸುತ್ತಿ ಊಟದ ಡಬ್ಬಿಯೊಳಗೆ ಇಟ್ಟುಕೊಂಡು ಬಂದಿದ್ದ.

"ಏನಯ್ಯಾ, ಮಧ್ಯಾಹ್ನಕ್ಕೆ ಅದನ್ನೇ ತಿಂತೀಯಾ?" ಎಂದೆ.

"ಇದು ಕಚೇರಿ ಬಿಟ್ಟು ಹೊರಗೆ ಬರೋ ಹಾಗಿಲ್ಲಮ್ಮ. ಸಾಹೇಬ್ರು ಹೇಳಿದ್ರು ಅಂತ ತಂದೆ. ಯಾರಾದ್ರೂ ನೋಡಿದ್ರೆ ನನ್ನನ್ನೇ ತಿಂತಾರೆ."

"ನಿನ್ನಲ್ಲಿ ತಿನ್ನೋಕೆ ಏನಿದೆ?" ಎಂದೆ. ನಕ್ಕ. ನಗು ಚೆನ್ನಾಗಿದೆ.

ಶಾಯಿ ಒಣಗಿತ್ತು. ಕನ್ನಡಕದ ಗಾಜಿಗೆ ಊದುವ ಹಾಗೆ ಮೊಹರಿಗೆ ಬಾಯಿಂದ ಆವಿ ಬಿಟ್ಟು ಬಿಟ್ಟು ಒತ್ತಿದ. ಒತ್ತುವ ಭರದಲ್ಲಿ ನನ್ನ ಮೇಜಿನ ಬಟ್ಟೆಗೆ ನೇರಳೆ ಶಾಯಿ ಮೆತ್ತಿದ. ಅವನ ಏಳು ತಲೆಮಾರನ್ನೂ ಎಬ್ಬಿಸಿ ಬೈದೆ. ಪಾಪದವನು, ಅರ್ಧ ನಿಂಬೆಹಣ್ಣು ಇಸಿದುಕೊಂಡು ತಿಕ್ಕುತ್ತಾ ಕೂತ. ಕಲೆ ಹೋಗಲಿಲ್ಲ. ಉಳಿದರ್ಧ ಹಣ್ಣಿಗೆ ಇನ್ನೊಂದು ಹಣ್ಣು ಸೇರಿಸಿ ಶರಬತ್ತು ಮಾಡಿ ಕೊಟ್ಟೆ. ಒಂದು ಲೋಟ ಕುಡಿದು, ಎರಡನೆಯದಕ್ಕೆ "ಅಮ್ಮ, ಚಿಟಿಕೆ ಉಪ್ಪು" ಎಂದ. ಅವನ ಹೆಂಡತಿ ಹಾಗೇ ಮಾಡುತ್ತಾಳಂತೆ. "ಅವಳ ಕೈಯಲ್ಲೇ ಕುಡಿ ಹೋಗು" ಎನ್ನುತ್ತಾ ಉಪ್ಪು ಹಾಕಿದೆ.

ನಡುವೆ ಮಂತ್ರಿಯ ಫೋನು ಬಂತು. ಮಗ ಫೋನಿಗೂ ಎದ್ದು ನಿಲ್ಲುತ್ತಾನೆ. "ಆಯ್ತು ಸಾರ್. ಇವತ್ತೇ ಸಾರ್. ಬಿಚ್ಚಲ್ಲ ಸಾರ್." ಏನನ್ನು ಬಿಚ್ಚುವುದಿಲ್ಲವೋ. ನೀರೆತ್ತುವ ಪಂಪಿನ ಬಿಡಿಭಾಗವಂತೆ, ಸಮುದ್ರದಾಚೆಯ ದೇಶಕ್ಕೆ. ಅಲ್ಲಿ ಜನ ಒಬ್ಬರನ್ನೊಬ್ಬರು ಕೊಲ್ಲುತ್ತಿರುವಾಗ ನೀರೆತ್ತುವವರು ಯಾರು ಎಂದು ಕೇಳಿದೆ. ಸೊಸೆ "ಅತ್ತೆ, ನಿಮಗ್ಯಾಕೆ" ಎಂದಳು. ಹೌದು, ನನಗ್ಯಾಕೆ. ನನ್ನ ಬಟ್ಟೆ ಹಾಳಾಯಿತು, ಅದು ನನಗೆ.

ಜುಲೈ ೮, ಮಂಗಳವಾರ

ಪತ್ರಿಕೆಯಲ್ಲಿ ಸಮುದ್ರದಾಚೆಯ ಆ ದೇಶದ ಚಿತ್ರ. ಬೀದಿಯ ನಡುವೆ ಒಬ್ಬ ಮುದುಕಿ ಮರದ ಪೆಟ್ಟಿಗೆಯ ಮೇಲೆ ಕೂತಿದ್ದಾಳೆ. ಹಿಂದೆ ಅವಳ ಮನೆ. ಬಾಗಿಲ ಚೌಕಟ್ಟೊಂದು ನಿಂತಿದೆ, ಗೋಡೆಗಳಿಲ್ಲ. ಪೆಟ್ಟಿಗೆಯ ಮೇಲೆ ನಲ್ಲಿಯ ಚಿತ್ರ, ಪಂಪು ಕಂಪನಿಯದ್ದು, ನಮ್ಮ ದೇಶದ್ದು. ಆ ಪೆಟ್ಟಿಗೆಗಳಲ್ಲಿ ಹೋಗಿದ್ದು ಪಂಪಲ್ಲವಂತೆ, ಫಿರಂಗಿ ಗುಂಡುಗಳಂತೆ. ಅಲ್ಲಿಗೆ ಆಯುಧ ಕಳಿಸಕೂಡದು ಎಂದು ಎಲ್ಲ ದೇಶಗಳೂ ಕೂಡಿ ನಿಷೇಧ ಹಾಕಿದ್ದವು, ನಮ್ಮವರೂ ಕೈ ಎತ್ತಿ ಒಪ್ಪಿದ್ದರು.

ಮುದುಕಿಗೆ ನನ್ನದೇ ವಯಸ್ಸಿರಬೇಕು. ನನಗಿಂತ ಸೊಟ್ಟ ಮೂಗು. ಪೆಟ್ಟಿಗೆ ಮಾತ್ರ ಒಳ್ಳೆಯ ಮರದ್ದು.

ಟೀವಿಯಲ್ಲಿ ಮಂತ್ರಿ ಸದನದಲ್ಲಿ ಎದ್ದು ನಿಂತು "ನನಗಾಗಲೀ ನನ್ನ ಹಿರಿಯ ಅಧಿಕಾರಿಗಳಿಗಾಗಲೀ ಇದರ ಗಾಳಿಯೂ ಸೋಕಿಲ್ಲ" ಎಂದ. ವಿರೋಧ ಪಕ್ಷದವರು ಪುಸ್ತಕ ಎಸೆದರು. ಮಗ ಊಟಕ್ಕೆ ಏಳಲಿಲ್ಲ.

ಜುಲೈ ೧೨, ಶನಿವಾರ

ವಿಚಾರಣಾ ಆಯೋಗ ಬಂತು. ನಿವೃತ್ತ ನ್ಯಾಯಾಧೀಶರೊಬ್ಬರು ಎಲ್ಲರನ್ನೂ ಕರೆದು ಕೇಳುತ್ತಾರಂತೆ. ಅವರಿಗಿಂತ ಮೊದಲು ನಾನು ಕೇಳಿದೆ. ತಟ್ಟೆ ಬಡಿಸಿ, ಎದುರಿಗೆ ಕೂತು ಕೇಳಿದೆ.

"ಪೆಟ್ಟಿಗೇಲಿ ಏನಿದೆ ಅಂತ ನಿಂಗೆ ಗೊತ್ತಿತ್ತಾ?"

"ಮೇಲಿಂದ ಹೇಳಿದ್ರು. ನಾನು ಕೆಳಗೆ ಹೇಳ್ದೆ."

"ಮಧ್ಯ ನೀನೇನು ಕೊಳವೆಯಾ?"

"ಅಮ್ಮ, ಕೇಳ್ಬೇಡ."

"ಕೇಳ್ಬೇಡ ಅಂದ್ರೆ ಗೊತ್ತಿತ್ತು ಅಂತ ಅರ್ಥ."

ಅವನು ಅನ್ನ ಕಲಸುತ್ತಲೇ ಇದ್ದ. ತಟ್ಟೆ ಎತ್ತಿಕೊಂಡು ಒಳಗೆ ಬಂದುಬಿಟ್ಟೆ. ಸೊಸೆ ಹಿಂದೆಯೇ ಬಂದು ಅಳುತ್ತಾ ಎಲ್ಲ ಹೇಳಿದಳು. ಮೊಹರು ಎಂದರೆ ಪೆಟ್ಟಿಗೆಯನ್ನು ಗೋದಾಮಿನಲ್ಲಿ ಬಿಚ್ಚಿ ನೋಡಿ ಒತ್ತಿದ್ದು ಎಂದರ್ಥ. ಅವತ್ತು ಬಿಚ್ಚಲಿಲ್ಲ, ನನ್ನ ಊಟದ ಮೇಜಿನ ಮೇಲೆ ಒತ್ತಿದರು. ಮಗ ಕರೆಸಿ ಒತ್ತಿಸಿದ ಎಂದಾದರೆ ಮಗ ಜೈಲಿಗೆ, ಅವನ ಹಿಂದೆ ಮಂತ್ರಿ. ಸೀಲಪ್ಪ ತಾನೇ ಮೊಹರು ಕದ್ದೊಯ್ದು ಒತ್ತಿದ ಎಂದಾದರೆ ಸೀಲಪ್ಪ ಒಬ್ಬನೇ.

ನಾನು ಓದಿದ್ದು ನಾಲ್ಕನೇ ತರಗತಿ. ಆದರೂ ಈ ಪುಸ್ತಕ ನನ್ನದು, ಇದರಲ್ಲಿ ಸುಳ್ಳು ಬರೆಯುವುದಿಲ್ಲ. ಮೊಹರು ಈ ಮನೆಯಲ್ಲೇ ಬಿದ್ದದ್ದು. ಯಾರಾದರೂ ನನ್ನನ್ನು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ, ಮಗನಾದರೇನು, ಮಂತ್ರಿಯಾದರೇನು.

ಜುಲೈ ೨೦, ಭಾನುವಾರ

ಆಯೋಗದ ಮುಂದೆ ಏನು ಹೇಳಬೇಕೆಂದು ವಕೀಲ ಬಂದು ಮಗನಿಗೆ ಪಾಠ ಹೇಳಿಕೊಟ್ಟ. ವಕೀಲ ಕೇಳಬೇಕು, ಮಗ ಉತ್ತರಿಸಬೇಕು. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಮೈ ಉರಿದುಹೋಯಿತು. ಸುಳ್ಳನ್ನು ಹೀಗೂ ಕೆಡಿಸುತ್ತಾರೆಯೇ? ಚಿಕ್ಕಂದಿನಲ್ಲಿ ಸಕ್ಕರೆ ಕದ್ದು, ನಾನು ಕೇಳುವ ಮೊದಲೇ "ನಾನಲ್ಲ" ಎಂದು ಓಡಿಬರುತ್ತಿದ್ದ. ಇಷ್ಟು ದೊಡ್ಡ ಅಧಿಕಾರಿಯಾದರೂ ಅದೇ ಬುದ್ಧಿ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ, ಅದೂ ಉದ್ದುದ್ದ.

ತಡೆಯಲಾರದೆ ಹೊರಗೆ ಬಂದೆ. "ಏಳಯ್ಯಾ ವಕೀಲ, ಆ ಕುರ್ಚಿ ಬಿಡು" ಎಂದೆ. ನಾನೇ ನ್ಯಾಯಾಧೀಶಳಾಗಿ ಕೂತೆ. ಕೈಯಲ್ಲಿ ಸೌಟಿತ್ತು, ಮೇಜಿಗೆ ಕುಟ್ಟಲು ಅನುಕೂಲವಾಯಿತು.

"ಮೊಹರು ಎಲ್ಲಿ ಒತ್ತಿದ್ದು?"

"ನನಗೆ ಗೊತ್ತಿಲ್ಲ ಸ್ವಾಮಿ, ನಾನು ಅವತ್ತು ಮನೆಯಲ್ಲೇ ಇದ್ದೆ, ಅಂದ್ರೆ..."

"ಸತ್ತೆ ನೀನು," ಎಂದೆ. "ಅವರೆಲ್ಲಿ ಅವತ್ತು ಅಂದ್ರು? ಯಾವ ದಿನ ಅಂತ ನೀನೇ ಹೇಳ್ಕೊಟ್ಟೆ. ಮೊದಲು ನೀರು ಕುಡಿ. ಲೋಟ ಕೆಳಗಿಡು. ಅದು ಮೇಜಿಗೆ ತಗಲಿದ ಸದ್ದು ಎಲ್ಲರಿಗೂ ಕೇಳ್ಬೇಕು. ಆಮೇಲೆ ನೆನಪಿಲ್ಲ ಅನ್ನು. ಅಷ್ಟೇ. ಹೋಗಿಲ್ಲ, ಬಂದಿಲ್ಲ, ಮಾಡಿಲ್ಲ ಅಂದ್ರೆ ಅದಕ್ಕೆಲ್ಲ ಬಾಲ ಇರುತ್ತೆ ಕಣೋ, ಹಿಡಿದು ಎಳೀತಾರೆ. ನೆನಪಿಲ್ಲ ಅನ್ನೋ ಸುಳ್ಳಿಗೆ ಬಾಲ ಇಲ್ಲ."

ವಕೀಲ ಬಾಯಿ ಬಿಟ್ಟುಕೊಂಡು ನೋಡಿದ. ಮಗ ಕುಡಿದ, ಇಟ್ಟ, ಹೇಳಿದ. ಮೂರನೇ ಸಲಕ್ಕೆ ನನಗೇ ನಂಬಿಕೆ ಬಂತು. ಹೇಳಿಕೊಟ್ಟೆ ಎಂದ ಮಾತ್ರಕ್ಕೆ ಒಪ್ಪಿದೆ ಎಂದಲ್ಲ. ಕೆಟ್ಟ ಕೆಲಸವನ್ನು ಕೆಟ್ಟದಾಗಿ ಮಾಡುವುದನ್ನು ನೋಡಲಾಗುವುದಿಲ್ಲ, ಅಷ್ಟೇ.

ಸಂಜೆ ಮೇಜಿನ ಬಟ್ಟೆಯನ್ನು ಹರಿದು ಒರೆಸುವ ಬಟ್ಟೆ ಮಾಡಿದೆ. ಹಳೆಯದಾಗಿತ್ತು.

ಆಗಸ್ಟ್ ೫, ಮಂಗಳವಾರ

ಆಯೋಗದ ಮುಂದೆ ಮಗ ಗೆದ್ದುಬಂದ. ವಕೀಲನೇ ಫೋನು ಮಾಡಿ ಹೊಗಳಿದನಂತೆ. ಇವತ್ತು ಮಂತ್ರಿಯ ಸರದಿ, ಟೀವಿಯಲ್ಲಿ ತೋರಿಸಿದರು. ಆ ದಿನ ಇಲಾಖೆಗೆ ಫೋನು ಮಾಡಿದ್ದಿರಾ ಎಂದು ಕೇಳಿದರು. ಮಂತ್ರಿ ನೀರು ಕುಡಿದ. ಲೋಟ ಇಟ್ಟ. ಟಕ್ ಎಂದಿತು. "ನೆನಪಿಲ್ಲ" ಎಂದ.

ನನ್ನದು! ನನ್ನ ಅಡುಗೆಮನೆಯಿಂದ ಅಲ್ಲಿಯವರೆಗೆ ಹೋಗಿದೆ! ಕುಣಿಯುವ ಹಾಗಾಯಿತು. ಲೋಟವನ್ನು ಸ್ವಲ್ಪ ಜೋರಾಗಿ ಇಟ್ಟ, ಅದೊಂದೇ ಕುಂದು. ಎದುರುಮನೆಯವಳಿಗೆ ಹೇಳಿಕೊಳ್ಳುವಂತಿಲ್ಲವಲ್ಲ.

ಆಗಸ್ಟ್ ೧೩, ಬುಧವಾರ

ಸೀಲಪ್ಪ ನನ್ನ ತಲೆಯ ಮೇಲೆ ಕಲ್ಲು ಎತ್ತಿಹಾಕಿದ. ಸಾಹೇಬರು ಮನೆಗೆ ಕರೆಸಿ ಒತ್ತಿಸಿದರು ಎಂದು ಆಯೋಗದ ಮುಂದೆ ಹೇಳಿದನಂತೆ. ಸಾಕ್ಷಿ ಯಾರು ಎಂದು ಕೇಳಿದರಂತೆ. "ಸಾಹೇಬ್ರ ಅಮ್ಮ. ಮೇಜಿನ ಬಟ್ಟೆ ಕೆಡಿಸ್ದೆ ಅಂತ ಬೈದು, ಶರಬತ್ತು ಕೊಟ್ರು. ಅವರನ್ನ ಕೇಳಿ ಸ್ವಾಮಿ. ಆಯಮ್ಮ ಬೈತಾರೆ, ಸುಳ್ಳು ಹೇಳಲ್ಲ."

ಇಷ್ಟು ಜನರಿರುವ ಊರಿನಲ್ಲಿ ಅವನಿಗೆ ನಾನೇ ಸಿಕ್ಕಬೇಕೆ? ಒಂದು ಲೋಟ ಶರಬತ್ತು ಕೊಟ್ಟ ತಪ್ಪಿಗೆ! ಎರಡು ಲೋಟ.

ಆಗಸ್ಟ್ ೧೪, ಗುರುವಾರ

ಆಯೋಗದಿಂದ ನನಗೆ ಕರೆ ಬಂತು. ವಕೀಲ ಕೂತು ಹಲ್ಲು ಗಿಂಜಿದ. "ತಾಯಿ, ನೀವೇ ಹೇಳಿಕೊಟ್ಟಿದ್ದಲ್ವಾ? ಬಾಲ ಇಲ್ಲದ್ದು." ಬರಿಯ ಬಾಯಿಮಾತು ಸಾಲದು, ಮರೆವಿನ ರೋಗ ಎಂದು ವೈದ್ಯರಿಂದ ಬರೆಸಿಕೊಂಡು ಬರುತ್ತಾನಂತೆ.

"ಯಾರಿಗೋ ರೋಗ? ನಿನ್ನ ತಾತನ ಮದುವೇಲಿ ಬಡಿಸಿದ್ದು ಏನು ಅಂತ ಕೇಳು, ಹೇಳ್ತೀನಿ" ಎಂದು ಎಗರಾಡಿದೆ.

ಮಗ ನನ್ನ ಕಾಲ ಬಳಿ ನೆಲದ ಮೇಲೆ ಕೂತ. ತಲೆಯಲ್ಲಿ ಕೂದಲಿಗಿಂತ ಬಯಲೇ ಹೆಚ್ಚು ಕಂಡಿತು. "ಅಮ್ಮ, ನೀನು ಹೂಂ ಅಂದ್ರೆ ನಾನು ಒಳಗೆ ಹೋಗ್ತೀನಿ. ಉಹೂಂ ಅನ್ನೋಕೆ ನಿಂಗೆ ಮನಸ್ಸಾಗಲ್ಲ. ಮರೆತೆ ಅನ್ನು ಸಾಕು" ಎಂದ. ಮೊಮ್ಮಗಳ ಓದು ನಿಲ್ಲುತ್ತದೆ ಎಂದು ಸೊಸೆ ಸೇರಿಸಿದಳು. ಸೀಲಪ್ಪನಿಗೂ ಮಕ್ಕಳಿವೆಯೇ ಎಂದು ನಾನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಹಾಲು ಉಕ್ಕಿತು, ಎದ್ದುಹೋದೆ.

ಆಗಸ್ಟ್ ೨೨, ಶುಕ್ರವಾರ

ಆಯೋಗದ್ದು ಎತ್ತರದ ಕೋಣೆ, ತಿರುಗಿದರೂ ಗಾಳಿ ಬಾರದ ಪಂಖ. ವಕೀಲ ವೈದ್ಯರ ಚೀಟಿಯನ್ನು ಮೊದಲೇ ಮುಂದಿಟ್ಟಿದ್ದ. ನ್ಯಾಯಾಧೀಶರ ಕಿವಿಯಲ್ಲಿ ಕೂದಲಿದೆ. "ಕೂತ್ಕೊಳ್ಳಿ ತಾಯಿ, ಹೆದರ್ಬೇಡಿ" ಎಂದರು. ಹೆದರುವವಳು ಯಾರು? ನಾನು ಸುತ್ತಲೂ ನೋಡಿ, ನ್ಯಾಯಾಧೀಶರಿಗೇ "ನೀನು ನಮ್ಮ ಸೋದರಮಾವನ ಮಗ ಅಲ್ವೇನೋ? ಎಷ್ಟು ದಪ್ಪ ಆಗಿದ್ದೀಯ!" ಎಂದೆ. ಎಲ್ಲರೂ ನಕ್ಕರು. ಅದು ವಕೀಲ ಹೇಳಿಕೊಟ್ಟದ್ದಲ್ಲ, ನನ್ನದೇ.

ಸೀಲಪ್ಪ ಪಕ್ಕದ ಬೆಂಚಿನಲ್ಲಿದ್ದ. ಸವೆದ ಕಾಲರನ್ನು ಬಿಚ್ಚಿ ತಿರುಗಿಸಿ ಹೊಲಿದ ಅಂಗಿ. ಹೊಲಿಗೆ ಹೆಂಡತಿಯದ್ದಿರಬೇಕು, ನೆಟ್ಟಗಿದೆ. ಇವನು ನಿಮ್ಮ ಮನೆಗೆ ಬಂದಿದ್ದನೇ ಎಂದು ಕೇಳಿದರು. ನಾನು ಅವನನ್ನು ನೋಡಿದೆ. ಅವನು ಎದ್ದು ನಿಂತ.

"ಅಮ್ಮ, ಎರಡನೇ ಲೋಟಕ್ಕೆ ಉಪ್ಪು ಕೇಳಿದ್ನಲ್ಲ. ನಿಂಬೆಹಣ್ಣು ತಿಕ್ಕಿದ್ನಲ್ಲ."

ನೀರು ಕುಡಿದೆ. ಲೋಟ ಇಟ್ಟೆ, ಮಂತ್ರಿಯ ಹಾಗೆ ಜೋರಾಗಿ ಅಲ್ಲ, ಹದವಾಗಿ.

"ನೆನಪಿಲ್ಲಪ್ಪ."

ನ್ಯಾಯಾಧೀಶರು ಮತ್ತೆ ಕೇಳಲು ಹೊರಟರು. ಸೀಲಪ್ಪನೇ ಕೈಮುಗಿದ. "ಬಿಡಿ ಸ್ವಾಮಿ. ಆಯಮ್ಮನ್ನ ಹಿಂಸೆ ಮಾಡ್ಬೇಡಿ. ಹುಷಾರಿಲ್ಲ ಅಂತ ನಂಗೊತ್ತಿರ್ಲಿಲ್ಲ."

ಎಂಥ ದಡ್ಡ! ಇನ್ನೊಂದು ಪ್ರಶ್ನೆ ಕೇಳಲು ಬಿಟ್ಟಿದ್ದರೆ ಏನಾಗುತ್ತಿತ್ತೋ. ತನ್ನ ಕುತ್ತಿಗೆಯನ್ನು ತಾನೇ ಬಗ್ಗಿಸಿಕೊಟ್ಟ. ಇಂಥವರು ಸರ್ಕಾರಿ ಕೆಲಸಕ್ಕೆ ಬರಬಾರದು.

ಕಾರಿನಲ್ಲಿ ಮಗ ನನ್ನ ಕೈ ಹಿಡಿದುಕೊಂಡಿದ್ದ. ಅವನ ಮದುವೆಯಾದ ಮೇಲೆ ಹಿಡಿದದ್ದು ಇದೇ ಮೊದಲು.

ಆಗಸ್ಟ್ ೨೪, ಭಾನುವಾರ

ಶರಬತ್ತು ಕುಡಿಯುತ್ತೀರಾ ಎಂದು ಸೊಸೆ ಕೇಳಿದಳು. ಬೇಡ ಎಂದೆ. ಹಲ್ಲು ಜುಮ್ ಎನ್ನುತ್ತದೆ.

ಸೆಪ್ಟೆಂಬರ್ ೨೭, ಶನಿವಾರ

ಹಾಸ್ಟೆಲಿನಿಂದ ಮೊಮ್ಮಗಳು ಬಂದಳು. ಅವಳಿಗೆ ಯಾರೂ ಏನೂ ಹೇಳಿಲ್ಲ, ಟೀವಿಯಲ್ಲಿ ನೋಡಿದ್ದೇ ಗೊತ್ತು. ಬಂದವಳೇ ನನ್ನ ಮುಖ ಹಿಡಿದು ಕೇಳಿದಳು.

"ಅಜ್ಜಿ, ನಿಜ ಹೇಳು. ಅವರು ಬಂದಿದ್ದು ನಿಂಗೆ ನಿಜವಾಗ್ಲೂ ನೆನಪಿಲ್ವಾ? ಅಪ್ಪನಿಗೋಸ್ಕರ ಹಾಗೆ ಹೇಳಿದ್ಯಾ?"

ಕಣ್ಣು ನನ್ನದೇ ಹುಡುಗಿಗೆ. ಹಾಗೆ ಹೇಳಿದೆ ಎಂದರೆ ನನ್ನ ಮುಖ ನೋಡುತ್ತಿರಲಿಲ್ಲ.

"ಯಾರು ಬಂದಿದ್ದು?" ಎಂದೆ.

ನನ್ನನ್ನು ಅಪ್ಪಿಕೊಂಡು ಅತ್ತಳು. ಆಮೇಲೆ ಕೂತು ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದಳು. ಉಪ್ಪು. ಸಕ್ಕರೆ. ಚಹಾಪುಡಿ. ದಪ್ಪ ಅಕ್ಷರ, ಒಂದನೇ ತರಗತಿಯ ಮಗುವಿಗೆ ಬರೆದ ಹಾಗೆ. ಉಪ್ಪಿನ ಡಬ್ಬಿಯನ್ನು ಕತ್ತಲಲ್ಲೂ ಕೈಯಿಟ್ಟು ತೆಗೆಯುವವಳು ನಾನು. ಬಚ್ಚಲಿನ ಬಾಗಿಲಿಗೂ ಒಂದು ಅಂಟಿಸಿದಳು. ಓದಿ ತೋರಿಸು ಎಂದಳು. ಓದಿದೆ. "ನಮ್ಮಜ್ಜಿ ಜಾಣೆ" ಎಂದು ಬೆನ್ನು ತಟ್ಟಿದಳು. ಮಗ ಬಾಗಿಲಲ್ಲಿ ನಿಂತು ನೋಡಿದ, ಪತ್ರಿಕೆ ಬಿಡಿಸಿದ.

ಎದುರುಮನೆಯವಳು ಬಂದಾಗಲೂ, ಹಾಲಿನವನು ಬಂದಾಗಲೂ ಪೆದ್ದಿಯಂತೆ ನಗಬೇಕು. ಎದುರುಮನೆಯವಳು ನನ್ನಿಂದ ಇಸಿದುಕೊಂಡ ಬಾಣಲೆಯನ್ನು ತಂದುಕೊಡುವ ಮಾತೇ ಎತ್ತುವುದಿಲ್ಲ. ಕಳ್ಳಿ. ಚೆನ್ನಾಗಿ ಗೊತ್ತವಳಿಗೆ.

ಅಕ್ಟೋಬರ್ ೧೬, ಗುರುವಾರ

ಆಯೋಗದ ವರದಿ ಬಂತು. ಮೇಲಿನವರಿಗೆ ಗೊತ್ತಿದ್ದದ್ದಕ್ಕೆ ಪುರಾವೆ ಇಲ್ಲ. ಕೆಳಹಂತದ ನೌಕರನೊಬ್ಬ ಮೊಹರನ್ನು ಹೊರಗೆ ಒಯ್ದು ದುರುಪಯೋಗ ಮಾಡಿದ್ದಾನೆ. ಸೀಲಪ್ಪನನ್ನು ಒಳಗೆ ಹಾಕಿದರು. ಮಂತ್ರಿ ಟೀವಿಯಲ್ಲಿ "ಹೊಣೆಗಾರಿಕೆ ಎಂದರೆ ಇದು" ಎಂದ. ಮಗನಿಗೆ ಬಡ್ತಿ, ದೊಡ್ಡ ಕೋಣೆ, ಕೋಣೆಯೊಳಗೇ ಕೈತೊಳೆಯುವ ಜಾಗ. ಮನೆಗೆ ಸಿಹಿ ಬಂತು. ನನಗೆ ಅರ್ಧ ಕೊಟ್ಟರು, ತಿಂದದ್ದು ಮರೆತು ಮತ್ತೆ ಕೇಳುತ್ತೇನಂತೆ.

ಊಟದ ಹೊತ್ತಿಗೆ ಮಗನಿಗೆ ಹೇಳಿದೆ: "ಇದೆಲ್ಲ ಮುಗಿದ ಮೇಲೆ ನನ್ನ ತಂಗಿ ಮನೆಗೆ ಕರ್ಕೊಂಡು ಹೋಗ್ತೀನಿ ಅಂದಿದ್ದೆ. ಅವಳಿಗೆ ಹುಷಾರಿಲ್ಲ. ಯಾವಾಗ ಹೋಗೋದು?"

ಅವನು ಸೊಸೆಯ ಮುಖ ನೋಡಿದ. ಅವಳು ತಟ್ಟೆ ನೋಡಿದಳು. ಮಗ ನೀರಿನ ಲೋಟ ಎತ್ತಿದ. ಕುಡಿದ. ಕೆಳಗಿಟ್ಟ.

"ಹಾಗಂದಿದ್ದು ನೆನಪಿಲ್ಲಮ್ಮ. ನಿಂಗೆ ಒಂದಕ್ಕೊಂದು ಕಲಸಿಹೋಗುತ್ತೆ."

ಲೋಟ ಇಟ್ಟ ಸದ್ದು ಹದವಾಗಿತ್ತು. ಇಷ್ಟು ಚೆನ್ನಾಗಿ ಕಲಿತಿದ್ದಾನೆ ಎಂದುಕೊಂಡಿರಲಿಲ್ಲ.

ನವೆಂಬರ್ ೧೯, ಬುಧವಾರ

ತಂಗಿ ಹೋದಳಂತೆ. ನನಗೆ ಹೇಳಿದ್ದು ಕಾರ್ಯವೆಲ್ಲ ಮುಗಿದ ಮೇಲೆ. "ಹೇಳಿದ್ವಲ್ಲ ಅತ್ತೆ, ಮರೆತ್ರಾ?" ಎಂದಳು ಸೊಸೆ. ಹೇಳಿರಲಿಲ್ಲ. ಹೇಳಿದ್ದಳೇನೋ. ಜಗಳ ಯಾರಿಗೆ ಬೇಕು.

ಗ್ಯಾಸಿನ ಒಲೆ ಮುಟ್ಟಕೂಡದು ಎಂದು ಚೀಟಿ ಬಂದಿದೆ. ಓದಲು ಬರುತ್ತದಲ್ಲ, ಓದಿದೆ.

ಫೆಬ್ರವರಿ ೧, ಭಾನುವಾರ

ಎಲ್ಲರೂ ಊಟ ಮಾಡಿ ಮಲಗಿದ್ದರು. ಗೇಟಿಗೆ ಬೀಗ ಹಾಕಲು ಮರೆತಿದ್ದರು, ಮರೆವು ನನಗೊಬ್ಬಳಿಗೇ ಅಲ್ಲ. ಮಾರುಕಟ್ಟೆಯ ತನಕ ಹೋಗಿ ಒಂದು ನಿಂಬೆಹಣ್ಣು ಕೊಂಡೆ. ಯಾಕೆ ಕೊಂಡೆನೋ. ಬಿಸಿಲು ಸುಡುತ್ತಿತ್ತು. ಬಸ್ಸು ನಿಲ್ಲುವ ಕಡೆ ಕಟ್ಟೆಯ ಮೇಲೆ ಕೂತೆ.

ಒಬ್ಬ ಹೆಂಗಸು ಬಂದು ಎದುರಿಗೆ ನಿಂತಳು. ಕೈಯಲ್ಲಿ ಊಟದ ಡಬ್ಬಿಯ ಚೀಲ.

"ಸಾಹೇಬ್ರ ಅಮ್ಮ ಅಲ್ವಾ? ಒಬ್ರೇ ಯಾಕಮ್ಮ ಬಂದ್ರಿ? ದಾರಿ ತಪ್ಪಿತಾ?"

ನಾನು ಪೆದ್ದಿಯಂತೆ ನಕ್ಕೆ. ಅದೀಗ ತಾನಾಗಿ ಬರುತ್ತದೆ.

"ನಾನು ಅವರ ಮನೆಯವಳು ಕಣಮ್ಮ, ಮೊಹರಿನವರ ಹೆಂಡ್ತಿ. ಜೈಲಿಂದ ಬರ್ತಿದ್ದೀನಿ, ಭಾನುವಾರ ಮಾತ್ರ ಬಿಡ್ತಾರೆ" ಎಂದು ಪಕ್ಕದಲ್ಲಿ ಕೂತಳು. "ಮೊದಲು ನಿಮಗೆ ಬಾಯಿಗೆ ಬಂದ ಹಾಗೆ ಶಾಪ ಹಾಕ್ದೆ. ತಪ್ಪಾಯ್ತು. ಅವರೇ ನನ್ನ ಬೈದ್ರು. ಆಯಮ್ಮನಿಗೆ ಮರೆವು ಕಣೇ, ಇಲ್ಲಾಂದ್ರೆ ಹೇಳೇ ಹೇಳ್ತಿದ್ರು ಅಂದ್ರು. ಇವತ್ತೂ ಕೇಳಿದ್ರು, ಆಯಮ್ಮ ಹೇಗಿದ್ದಾರೋ ಅಂತ."

ನಾನು ನಿಂಬೆಹಣ್ಣನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

ಅವಳು ನನ್ನ ಕೈ ಹಿಡಿದು ಎಬ್ಬಿಸಿದಳು. ಅವಳ ಅಂಗೈ ಪಾತ್ರೆ ಉಜ್ಜುವ ನಾರಿನಂತೆ ಒರಟು. ನಾನು ದಿನಾ ಓಡಾಡಿದ ಬೀದಿಗಳನ್ನು ನನಗೇ ತೋರಿಸುತ್ತಾ, ಇಲ್ಲಿ ಹಳ್ಳ ಇದೆ, ಇಲ್ಲಿ ಮೆಟ್ಟಿಲು ಎನ್ನುತ್ತಾ ನಡೆಸಿಕೊಂಡು ಬಂದಳು. ಒಂದು ಕಡೆ ತಪ್ಪು ತಿರುವಿನಲ್ಲಿ ಹೊರಳಿದಳು. ಸರಿಯಾದ ದಾರಿ ಹೇಳುವಂತಿಲ್ಲವಲ್ಲ, ಅವಳ ಹಿಂದೆಯೇ ಹೋದೆ. ಬಿಸಿಲಲ್ಲಿ ಸುತ್ತು ಹೊಡೆದು ಯಾರನ್ನೋ ಕೇಳಿಕೊಂಡು ಮನೆಯ ಗೇಟಿಗೆ ಬಂದೆವು.

"ಬಾಯಿ ಒಣಗಿದೆ ನಿಮಗೆ" ಎಂದು ಚೀಲದಿಂದ ಬಾಟಲಿ ತೆಗೆದು ಕೊಟ್ಟಳು. ಕುಡಿಯುವಾಗ ನನ್ನನ್ನೇ ನೋಡುತ್ತಿದ್ದಳು. ಆಮೇಲೆ, ಮಗುವನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದಳು.

"ಒಂಚೂರೂ ನೆನಪಾಗಲ್ವಾ ಅಮ್ಮ? ಸಣ್ಣಕ್ಕಿದ್ರು. ಉಪ್ಪು ಕೇಳಿದ್ರಂತೆ. ಈಗ ನೆನಪಾದ್ರೂ ಸಾಕು, ಇನ್ನೊಂದು ಅರ್ಜಿ ಕೊಡಬಹುದು ಅಂದಿದ್ದಾರೆ."

ಬಾಟಲಿಯ ಮುಚ್ಚಳ ತಿರುಗಿಸಿದೆ. ಗೇಟಿನ ಕಂಬದ ಮೇಲೆ ಇಟ್ಟೆ.

"ನೆನಪಿಲ್ಲಮ್ಮ" ಎಂದೆ.

"ಪಾಪ" ಎಂದಳು. ನನ್ನ ಸೆರಗನ್ನು ಸರಿಮಾಡಿ ಹೊರಟುಹೋದಳು.

ಒಳಗಿನಿಂದ ಸೊಸೆ ಓಡಿಬಂದು ಯಾರು ಅತ್ತೆ ಅದು ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಯಾರೋ ದಾರಿಹೋಕ ಹೆಂಗಸು. ನಮ್ಮ ಮನೆಗೆ ಯಾವತ್ತೂ ಬಂದವಳಲ್ಲ. ಅವಳ ಮನೆಯವರೂ ಬಂದವರಲ್ಲ.